ರಕ್ತ ಕೊಟ್ಟವರಿಗೆ ಪ್ರಶ್ನೆ ಕೇಳುವ ಹಕ್ಕು

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ, ಪರಿಚಯದವರೊಬ್ಬರು ನನಗೆ ಎರಡು ಹಾಳೆ ಕಳಿಸಿ ಕನ್ನಡಕ್ಕೆ ಮಾಡಿಕೊಡಿ ಎಂದರು. ಹದಿಹರೆಯದ ಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಎಂದು ನೋಡುವ ಅಧ್ಯಯನದ ಸಮ್ಮತಿ ಪತ್ರ ಅದು. ಇಂಗ್ಲಿಷ್, ಮರಾಠಿ, ಹಿಂದಿ, ಉರ್ದುವಿನಲ್ಲಿ ಸಿದ್ಧವಿತ್ತು. ಮುಂಬಯಿಯ ಕುರ್ಲಾದ ಒಂದು ವಸ್ತಿಯಲ್ಲಿ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹತ್ತಾರು ಮನೆಗಳಿದ್ದುದರಿಂದ ಕನ್ನಡವೂ ಬೇಕಾಯಿತು. ಅನುವಾದ ಮಾಡಿದ ಮೇಲೆ, ಮಕ್ಕಳಿಗೆ ತಿಳಿಯುತ್ತದೋ ಇಲ್ಲವೋ ನೋಡೋಣವೆಂದು ಆ ಗಲ್ಲಿಗೇ ಹೋದೆ. ಹದಿನಾಲ್ಕರ ಹುಡುಗಿಯೊಬ್ಬಳು ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲಿನ ನಕಲಿ ಒಡವೆಗೆ ಮಣಿ ಅಂಟಿಸುತ್ತಲೇ ಹಾಳೆ ಓದಿದಳು. ‘ರಕ್ತಹೀನತೆ ಅಂದ್ರ ಏನ್ರಿ ಅಕ್ಕಾರ?’ ಎಂದಳು. ಮೈಯಲ್ಲಿ ರಕ್ತ ಕಮ್ಮಿ ಇರುವುದು ಎಂದೆ. ‘ಹಂಗಂತನ ಬರೀರಲ್ಲ ಮತ್ತ.’ ತಿದ್ದಿದೆ. ಎರಡನೆಯ ಹಾಳೆ ಮುಗಿಸಿ ತಲೆ ಎತ್ತಿದಳು. ‘ರಕ್ತ ತಗೊಂಡು ಹೋಗ್ತೀರಿ. ನಮ್ಮ ರಕ್ತದಾಗ ಏನೈತಿ ಅಂತ ನಮಗ ಯಾವಾಗ ಹೇಳ್ತೀರಿ?’

ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಧ್ಯಯನ ನಡೆಯಿತು, ರಕ್ತ ಹೋಯಿತು, ಆ ಗಲ್ಲಿಗೆ ಫಲಿತಾಂಶ ಬರಲೇ ಇಲ್ಲ. ಹದಿಹರೆಯದವರ ಆರೋಗ್ಯದ ಬಗ್ಗೆ ಎಲ್ಲೇ ಏನೇ ಓದಿದರೂ ಆಮೇಲೆ ನಾನು ಅವಳ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದ್ದೇನೆ. ಹಾಗೆ ಓದಿದ್ದನ್ನೂ ಈ ಊರಿನಲ್ಲಿ ಕಂಡದ್ದನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 19 ವರ್ಷದವರು 25 ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಜನಸಮೂಹ ಅಂಕಿಅಂಶಗಳಲ್ಲಿ ಮಾತ್ರ ಹರಿದು ಹಂಚಿಹೋಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನೋಡಲ್ ಸಂಸ್ಥೆ ಕುರ್ಲಾಕ್ಕೆ ಹತ್ತಿರದ ದೇವನಾರದಲ್ಲೇ ಇದೆ. ಆ ಸಮೀಕ್ಷೆ ಮಾತಾಡಿಸುವುದು 15 ತುಂಬಿದವರನ್ನು. ಹನ್ನೆರಡರ ಹುಡುಗಿಯ ಬಗ್ಗೆ ಅವಳ ತಾಯಿಯೇ ಹೇಳಬೇಕು. ಕ್ಷಯರೋಗದ ಲೆಕ್ಕವನ್ನು ಜಗತ್ತು ಬಹುಕಾಲ 14ರವರೆಗೆ ಮಕ್ಕಳು, 15ರಿಂದ ದೊಡ್ಡವರು ಎಂದು ಬರೆದುಕೊಂಡು ಬಂತು. ಹದಿಹರೆಯ ನಡುವೆ ಸೀಳಿ ಎರಡು ಕಂಬಸಾಲುಗಳಲ್ಲಿ ಕಾಣೆಯಾಯಿತು. ಲೆಕ್ಕದಲ್ಲೇ ಇಲ್ಲದವರನ್ನು ಲೆಕ್ಕ ಹಾಕುವ ಕೆಲಸಕ್ಕೆ ಯಾರು ಕರೆದಾರು?

ಕುರ್ಲಾ ಪಾಲಿಕೆಯ ಎಲ್ ವಾರ್ಡಿಗೆ ಸೇರಿದ್ದು. ಸಂಶೋಧಕರಿಗೆ ಈ ವಾರ್ಡು ಹೊಸದಲ್ಲ. ಸಾಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯೆಯಾಗಿದ್ದ ಡಾ. ಆರ್ಮಿಡಾ ಫರ್ನಾಂಡಿಸ್ 1999ರಲ್ಲಿ ಕಟ್ಟಿದ ‘ಸ್ನೇಹಾ’ ಸಂಸ್ಥೆ ಎಲ್ ಮತ್ತು ಎಂ ಪೂರ್ವ ವಾರ್ಡುಗಳ 40 ಝೋಪಡಪಟ್ಟಿ ಪ್ರದೇಶಗಳಲ್ಲಿ ಸಮುದಾಯ ಕೇಂದ್ರಗಳ ಪರಿಣಾಮವನ್ನು ಅಳೆಯುವ ದೊಡ್ಡ ಪ್ರಯೋಗ ನಡೆಸಿತು. ಇಪ್ಪತ್ತರಲ್ಲಿ ಕೇಂದ್ರ ತೆರೆದರು, ಇಪ್ಪತ್ತನ್ನು ಹೋಲಿಕೆಗೆ ಇಟ್ಟುಕೊಂಡರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂತು. ಗರ್ಭನಿರೋಧಕದ ಅಗತ್ಯ, ಲಸಿಕೆ, ಐದರ ಒಳಗಿನ ಮಕ್ಕಳ ಪೌಷ್ಟಿಕತೆ ಅದರ ಮುಖ್ಯ ಅಳತೆಗಳು. ಒಳ್ಳೆಯ ಕೆಲಸ. ಆದರೆ ನನ್ನ ಕಣ್ಣು ‘15ರಿಂದ 49 ವರ್ಷದ ಮಹಿಳೆಯರು’ ಎಂಬ ಸಾಲಿನ ಮೇಲೆ ನಿಂತಿತು. ಮದುವೆಯಾಗಿ ಬಂದ ಹದಿನೇಳರ ಹುಡುಗಿ ಆ ಸಾಲಿನೊಳಗೆ ಮಹಿಳೆಯಾಗಿ ಸೇರುತ್ತಾಳೆ. ಅವಳ ನಾದಿನಿ, ಶಾಲೆಗೆ ಹೋಗುವ ಹದಿನಾಲ್ಕರವಳು, ಮಗುವೂ ಅಲ್ಲ ಮಹಿಳೆಯೂ ಅಲ್ಲ, ಹೊರಗುಳಿಯುತ್ತಾಳೆ. ಇದು ಒಂದು ಪ್ರಯೋಗದ ದೋಷವಲ್ಲ. ತಾಯಿ-ಮಗುವಿನ ಆರೋಗ್ಯ ಎಂದು ದಶಕಗಳಿಂದ ಕಟ್ಟಿಕೊಂಡು ಬಂದ ಚೌಕಟ್ಟೇ ಹಾಗಿದೆ.

ಮುಂಬಯಿಯಲ್ಲಿ ಇದಕ್ಕೆ ಬೇರೆಯದೇ ದಾರಿ ತೋರಿಸಿದ್ದು ‘ಪುಕಾರ್’. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಹುಟ್ಟುಹಾಕಿದ ಸಂಸ್ಥೆ. ಸಂಶೋಧನೆ ಮಾಡುವುದು ವಿಶ್ವವಿದ್ಯಾಲಯದವರ ಸೊತ್ತಲ್ಲ, ತನ್ನ ಬದುಕಿನ ಬಗ್ಗೆ ಕ್ರಮಬದ್ಧವಾಗಿ ತಿಳಿದುಕೊಳ್ಳುವುದು ಎಲ್ಲರ ಹಕ್ಕು ಎಂದು ಅವರು 2006ರ ಪ್ರಬಂಧವೊಂದರಲ್ಲಿ ವಾದಿಸಿದರು. ಅದಕ್ಕೂ ಒಂದು ವರ್ಷ ಮುಂಚೆ, 2005ರಲ್ಲಿ, ಪುಕಾರ್‌ನ ಯುವ ಫೆಲೋಶಿಪ್ ಶುರುವಾಗಿತ್ತು. ಚಾಳು, ವಸ್ತಿಗಳ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ತಮ್ಮನ್ನು ಕಾಡುವ ವಿಷಯವೊಂದನ್ನು ತಾವೇ ಆರಿಸಿ, ವರ್ಷವಿಡೀ ಅಧ್ಯಯನ ಮಾಡುವುದು ಅದರ ಕ್ರಮ. ಹೆಚ್ಚಿನವರು ಹದಿನೆಂಟು ದಾಟಿದವರು ಎಂಬುದನ್ನು ಮರೆಯಬಾರದು. ಆದರೂ ಆ ಕ್ರಮದಲ್ಲಿ ನಮಗೆ ಬೇಕಾದ ಪಾಠವಿದೆ.

ಪೂರ್ವ ಬಂದರಿನ ಕೌಲಾ ಬಂದರ್ ನೋಡಿ. ಬಂದರು ಮಂಡಳಿಯ ಜಾಗದಲ್ಲಿ ಬೆಳೆದ, ಸರಕಾರ ಅಧಿಕೃತವೆಂದು ಘೋಷಿಸದ ವಸ್ತಿ. ಘೋಷಿಸದ ಕಾರಣಕ್ಕೇ ಆಗ ಅಲ್ಲಿಗೆ ಪಾಲಿಕೆಯ ನೀರಿರಲಿಲ್ಲ. ಪುಕಾರ್ ಅಲ್ಲಿನದೇ ಯುವಕ ಯುವತಿಯರನ್ನು ‘ಬರಿಗಾಲ ಸಂಶೋಧಕ’ರಾಗಿ ತರಬೇತುಗೊಳಿಸಿ, ವೈದ್ಯ ರಾಮನಾಥ್ ಸುಬ್ಬರಾಮನ್ ಮುಂತಾದವರೊಂದಿಗೆ ಕೆಲಸಕ್ಕಿಳಿಸಿತು. ಯಾರ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಹೊತ್ತಿಗೆ ಮೋಟಾರು ಓಡುತ್ತದೆ, ಡ್ರಮ್ಮಿಗೆ ಎಷ್ಟು ಕೊಡುತ್ತಾರೆ ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದಿಷ್ಟು: ಶೇಕಡಾ 95 ಮನೆಗಳಲ್ಲಿ ತಲೆಗೆ ದಿನಕ್ಕೆ 50 ಲೀಟರಿಗಿಂತ ಕಡಿಮೆ ನೀರು, ಪಾಲಿಕೆ ಸಾವಿರ ಲೀಟರಿಗೆ 2 ರೂಪಾಯಿ 25 ಪೈಸೆ ತೆಗೆದುಕೊಳ್ಳುತ್ತಿದ್ದಲ್ಲಿ ಈ ಬಡವರು ತೆರುತ್ತಿದ್ದುದು ಅದರ 52ರಿಂದ 206 ಪಟ್ಟು. ಮಳೆಗಾಲ ಬಿಟ್ಟರೆ ಪೈಪಿನ ಬಾಯಲ್ಲಿ ಶುದ್ಧವಾಗಿದ್ದ ನೀರು ಮನೆಯ ಡ್ರಮ್ಮಿನಲ್ಲಿ ಎಲ್ಲ ಕಾಲದಲ್ಲೂ ಕೆಡುತ್ತಿತ್ತು. ನೀರು ತುಂಬಿಡುವ ಪಾತ್ರೆಯವರೆಗೆ, ಅಡುಗೆಯ ಮೂಲೆಯವರೆಗೆ ಪರಕೀಯನನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಪಕ್ಕದ ಮನೆಯ ಹುಡುಗಿ ಬಾಟಲಿ ಹಿಡಿದು ಬಂದರೆ ಬಿಟ್ಟುಕೊಳ್ಳುತ್ತಾರೆ.

ಸಹಭಾಗಿತ್ವದ ಮಾತು ಬಂದಾಗ ಮಕ್ಕಳ ಹಕ್ಕು, ಮಕ್ಕಳ ಗೌರವ ಎಂದು ಹೇಳುತ್ತೇವೆ, ಹೇಳಬೇಕು. ಆದರೆ ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣುವ ಕಾರಣ ಬೇರೆ. ಅವರಿಲ್ಲದೆ ಸಂಶೋಧನೆಯೇ ತಪ್ಪಾಗುತ್ತದೆ. ಕುರ್ಲಾ ಪಶ್ಚಿಮದ ಗುಜರಿ ಓಣಿಗಳಲ್ಲಿ ತಂತಿಯ ಮೇಲಿನ ರಬ್ಬರು ಸುಡುವುದು ಯಾವ ಹೊತ್ತಿಗೆ, ಯಾವ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೆಮ್ಮಿನ ಔಷಧಿ ಸಿಗುತ್ತದೆ, ಸಾರ್ವಜನಿಕ ಶೌಚಾಲಯದ ಯಾವ ಬಾಗಿಲಿಗೆ ಚಿಲಕವಿಲ್ಲ, ಮೀಠಿ ನದಿಯ ನೀರು ಏರಿದರೆ ಯಾವ ಮನೆಯೊಳಗೆ ಮೊದಲು ಬರುತ್ತದೆ ಎಂಬುದು ಹದಿಮೂರರ ಹುಡುಗನಿಗೆ ಗೊತ್ತಿದ್ದಷ್ಟು ಅವನ ಅಪ್ಪನಿಗೆ ಗೊತ್ತಿರುವುದಿಲ್ಲ. ಅಪ್ಪ ಬೆಳಿಗ್ಗೆ ಲೋಕಲ್ ಹತ್ತಿದರೆ ಮರಳುವುದು ರಾತ್ರಿಗೆ.

ಕಬ್ಬಿಣಾಂಶದ ಮಾತ್ರೆಯನ್ನೇ ತೆಗೆದುಕೊಳ್ಳಿ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಯೋಜನೆ ಹತ್ತು ವರ್ಷಕ್ಕೂ ಮಿಕ್ಕಿ ನಡೆದಿದೆ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ಹುಡುಗಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇಕಡಾ 54.1 ಇದ್ದದ್ದು 2019-21ರಲ್ಲಿ 59.1ಕ್ಕೆ ಏರಿತು. ಅಳೆಯುವ ವಿಧಾನದ ಬಗ್ಗೆ ತಜ್ಞರಲ್ಲಿ ಜಗಳವಿದೆ. ರಕ್ತನಾಳದಿಂದ ರಕ್ತ ತೆಗೆದು ನೋಡಿದ 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ 10ರಿಂದ 19ರ ಹುಡುಗಿಯರ ಪ್ರಮಾಣ ಸುಮಾರು 40. ಆ ಜಗಳ ಮುಗಿಯಲಿ. ಮಣಿ ಅಂಟಿಸುತ್ತಿದ್ದ ಹುಡುಗಿಯ ಬಳಿ ನಾನು ಕೇಳಿದ್ದು ಬೇರೆ. ಪ್ರಶ್ನಾವಳಿಯಲ್ಲಿ ‘ಕಳೆದ ವಾರ ಮಾತ್ರೆ ತೆಗೆದುಕೊಂಡೆಯಾ?’ ಎಂದಿದೆ, ಏನು ಹೇಳುತ್ತೀ? ‘ಹೌದು ಅಂತೀವಿ. ತಗೊಂಡಿರ್ತೀವಲ್ಲ. ಹೊಟ್ಟಿ ತೊಳಸ್ತೈತಿ, ಅದಕ ನಾಲಿಗಿ ಕೆಳಗ ಇಟ್ಕೊಂಡು ಹೊರಗ ಬಂದು ಉಗುಳ್ತೀವಿ.’ ತೆಗೆದುಕೊಳ್ಳುವುದಕ್ಕೂ ನುಂಗುವುದಕ್ಕೂ ಇರುವ ಅಂತರವನ್ನು ಯಾವ ತಜ್ಞರೂ ಆ ಪ್ರಶ್ನಾವಳಿಯಲ್ಲಿ ಕೇಳಿರಲಿಲ್ಲ. ಅವಳನ್ನು ಮೊದಲೇ ಕೂರಿಸಿಕೊಂಡಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದಳು.

ಹೀಗೆ ಹೇಳುವಾಗ ಖಮ್ಮಂ ನೆನಪಾಗದೆ ಇರದು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಅಮೆರಿಕದ ಪಾತ್ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ರಾಜ್ಯ ಸರಕಾರಗಳು ಕೈಜೋಡಿಸಿದ್ದವು. ಏಳು ಹುಡುಗಿಯರು ತೀರಿಕೊಂಡರು. ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಾಧ್ಯತೆ ಇಲ್ಲ ಎಂದು ತನಿಖೆ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ದೇಶ ತಲೆತಗ್ಗಿಸುವಂತಾಯಿತು. ಬುಡಕಟ್ಟು ಮಕ್ಕಳ ವಸತಿ ಶಾಲೆಗಳಲ್ಲಿ ಅಪ್ಪ ಅಮ್ಮನ ಜಾಗದಲ್ಲಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಮಾಡಿದ್ದರು. 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಒಳ್ಳೆಯ ಲಸಿಕೆಯೊಂದು ಅಪನಂಬಿಕೆಯ ಹೊರೆ ಹೊತ್ತು ವರ್ಷಗಟ್ಟಲೆ ಹಿಂದೆ ಬಿತ್ತು. ವಾರ್ಡನ್‌ಗಿಂತ ಮೊದಲು ಆ ಹುಡುಗಿಯರಿಗೇ ಹೇಳಿ, ಅವರ ಸಂಶಯ ಕೇಳಿ, ಊರಿಗೆ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಅವರನ್ನೂ ಸೇರಿಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಆ ಗಾಯದ ನಂತರ ನಿಯಮಗಳು ಬಿಗಿಯಾದವು. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ 7ರಿಂದ 12ರ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, 12ರಿಂದ 18ರವರಿಂದ ಲಿಖಿತ ಸಮ್ಮತಿ, ಜೊತೆಗೆ ಪಾಲಕರ ಒಪ್ಪಿಗೆ ಬೇಕು. ಇದು ದೊಡ್ಡ ಹೆಜ್ಜೆ. ಆದರೂ ಸಮ್ಮತಿ ಎಂದರೆ ಬೇರೆಯವರು ಕಟ್ಟಿದ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರುತ್ತೀಯಾ ಎಂದು ಕೇಳಿದಂತೆ. ಮನೆ ಕಟ್ಟುವಾಗ ಕೇಳಿದ್ದಿಲ್ಲ. ಇನ್ನೊಂದು ಕಡೆ 2012ರ ಪೋಕ್ಸೋ ಕಾಯ್ದೆ. ಹದಿನೆಂಟರ ಒಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆ. ಮಕ್ಕಳ ರಕ್ಷಣೆಗೆ ಅಗತ್ಯವಾದ ಕಾನೂನು. ಆದರೆ ಹದಿನಾರು ಹದಿನೇಳರವರು ತಾವಾಗಿ ಬೆಳೆಸಿದ ಪ್ರೇಮವೂ ಅದರಡಿ ಬರುವುದರಿಂದ, ಆ ವಯಸ್ಸಿನವರನ್ನು ಅಂಥ ಪ್ರಶ್ನೆ ಕೇಳಲು ಸಂಶೋಧಕರು ಹಿಂಜರಿಯುತ್ತಾರೆ. ಎಥಿಕ್ಸ್ ಕಮಿಟಿ ‘ಹದಿನೆಂಟರಿಂದ ಮೇಲೆ ತೆಗೆದುಕೊಳ್ಳಿ’ ಎನ್ನುತ್ತದೆ. ಹೀಗೆ ಅತ್ಯಂತ ಹೆಚ್ಚು ತಿಳಿಯಬೇಕಾದ ವಯಸ್ಸಿನ ಬಗ್ಗೆ ಅತ್ಯಂತ ಕಡಿಮೆ ತಿಳಿಯುತ್ತೇವೆ.

ನಮ್ಮ ಕಾನೂನಿಗೆ ಹದಿಹರೆಯದ ಪ್ರಬುದ್ಧತೆ ಕಾಣುವುದೇ ಇಲ್ಲ ಎನ್ನುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯ 32ನೇ ಸೆಕ್ಷನ್ ಓದಿದಾಗ ನನಗೆ ಗಂಟಲು ಕಟ್ಟಿತು. ಎಚ್‌ಐವಿ ಬಾಧಿತ ಕುಟುಂಬವನ್ನು ನೋಡಿಕೊಳ್ಳುತ್ತಿರುವ, ತಿಳಿವಳಿಕೆಯುಳ್ಳ 12ರಿಂದ 18ರ ಮಗು ತನ್ನ ತಮ್ಮ ತಂಗಿಯರಿಗೆ ಪೋಷಕನಾಗಬಹುದು. ಶಾಲೆಗೆ ಸೇರಿಸಬಹುದು, ಬ್ಯಾಂಕ್ ಖಾತೆ ನೋಡಿಕೊಳ್ಳಬಹುದು, ಚಿಕಿತ್ಸೆಗೆ ಸಹಿ ಮಾಡಬಹುದು. ಅಪ್ಪ ಅಮ್ಮ ಇಲ್ಲದ ಮನೆ ನಡೆಸಲು ಹದಿಮೂರರವಳಿಗೆ ಬುದ್ಧಿಯಿದೆ ಎಂದು ಒಪ್ಪುವ ನಾವು, ತನ್ನ ಕಾಯಿಲೆಯ ಬಗ್ಗೆ ಯಾವ ಪ್ರಶ್ನೆ ಕೇಳಬೇಕೆಂದು ಹೇಳಲು ಅವಳಿಗೆ ಬುದ್ಧಿ ಸಾಲದು ಎಂದುಕೊಳ್ಳುವುದು ಯಾವ ನ್ಯಾಯ?

ಕನ್ನಡಿಗರಿಗೆ ಈ ವಿಷಯದಲ್ಲಿ ಹಳೆಯದೊಂದು ನಂಟಿದೆ. ಕುಂದಾಪುರ, ಉಡುಪಿಯ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬಸ್ಸು ಹತ್ತಿ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು, ಮೇಜಿನ ಕೆಳಗೆ ಮಲಗಿದರು, ರಾತ್ರಿ ಶಾಲೆಯಲ್ಲಿ ಓದಿದರು. ಅವರ ಕೆಮ್ಮು, ನಿದ್ದೆಗೇಡು, ಒದ್ದೆ ಕಾಲಿನ ಹುಣ್ಣುಗಳ ಬಗ್ಗೆ ಅವರನ್ನು ಕೇಳಿ ಬರೆದುಕೊಂಡವರನ್ನು ನಾನು ಕಂಡಿಲ್ಲ. ಅದೇ ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಬೇರೆಯದೇ ಬೆಳೆ ಬಂತು. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಕಟ್ಟಿಕೊಂಡರು, 1995ರಲ್ಲಿ ಮಕ್ಕಳ ಪಂಚಾಯತಿಗಳು ಬಂದವು. ಮಕ್ಕಳೇ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದರು, ಮಳೆಗಾಲದಲ್ಲಿ ತೊರೆ ದಾಟಲು ಕಾಲುಸಂಕ ಬೇಕೆಂದು ಲೆಕ್ಕ ಸಮೇತ ಪಂಚಾಯತಿಯ ಮುಂದಿಟ್ಟರು. ಕರ್ನಾಟಕ ಸರಕಾರ ಮಕ್ಕಳ ಗ್ರಾಮಸಭೆಯನ್ನು ಇಡೀ ರಾಜ್ಯಕ್ಕೆ ಆದೇಶಿಸಿದ್ದು 2006ರಲ್ಲಿ. ಅಕ್ಷರ ಸರಿಯಾಗಿ ಬಾರದ ಮಕ್ಕಳೂ ಚಿತ್ರ ಬರೆದು ಅಂಕಿಅಂಶ ಕಲೆಹಾಕಬಲ್ಲರು ಎಂಬುದನ್ನು ನಮ್ಮ ಕರಾವಳಿ ತೋರಿಸಿಕೊಟ್ಟು ಮೂವತ್ತು ವರ್ಷವಾಯಿತು.

ಮುಂಬಯಿಯಲ್ಲಿ ಚೆಂಬೂರಿನ ಕೋರೋ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಗಳು ಸೇರಿ 2008ರಿಂದ ಪಾಲಿಕೆಯ 45 ಶಾಲೆಗಳಲ್ಲಿ ಆರು, ಏಳನೇ ಇಯತ್ತೆಯ ಮಕ್ಕಳೊಂದಿಗೆ ಗಂಡು ಹೆಣ್ಣಿನ ಸಮಾನತೆಯ ಕೆಲಸ ಮಾಡಿದವು. ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗ 2018ರಲ್ಲಿ ಹೊರಬಂತು. ಅಲ್ಲಿ ಒಂದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದಲ್ಲಿ ಬದಲಾವಣೆ ಕಾಣಲಿಲ್ಲ. ಹೊರಗಿನಿಂದ ಬಂದ ಸಾಮಾನ್ಯ ಆಪ್ತಸಮಾಲೋಚಕರು ನಡೆಸಿದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು. ಮಕ್ಕಳು ಹೆಸರಿಲ್ಲದೆ ಚೀಟಿ ಹಾಕುವ ಪೆಟ್ಟಿಗೆಯೊಂದು ಅದರಲ್ಲಿತ್ತು. ದೆಹಲಿ ಮತ್ತು ವಿಜಯವಾಡದ ಝೋಪಡಪಟ್ಟಿಗಳಲ್ಲಿ ಮಾನಸಿಕ ಆರೋಗ್ಯದ ‘ಆರ್ಟೆಮಿಸ್’ ಪ್ರಯೋಗ ಹದಿಹರೆಯದವರದೇ ಸಲಹಾ ಗುಂಪು ಕಟ್ಟಿಕೊಂಡಿತು, ಪ್ರಚಾರದ ವಿಡಿಯೊವನ್ನು ಅವರ ಜೊತೆಗೇ ತಯಾರಿಸಿತು. ಇವೆಲ್ಲ ಒಳ್ಳೆಯ ಸುದ್ದಿ. ಸರಕಾರದ ‘ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ’ 2014ರ ಜನವರಿಯಲ್ಲಿ ಶುರುವಾಗಿ ‘ಸಾಥಿಯಾ’ ಎಂಬ ಗೆಳೆಯ-ಶಿಕ್ಷಕರನ್ನು ತಂದಿತು. ಆದರೆ ಸಾಥಿಯಾ ಮೇಲಿನಿಂದ ಬಂದ ಸಂದೇಶವನ್ನು ಕೆಳಕ್ಕೆ ಮುಟ್ಟಿಸುವವನು. ಕೆಳಗಿನ ಪ್ರಶ್ನೆ ಮೇಲಕ್ಕೆ ಹೋಗುವ ಏಣಿ ಅಲ್ಲಿ ನನಗೆ ಕಾಣಲಿಲ್ಲ. ಏಣಿ ಎಂದಾಗ ನೆನಪಾಗುವುದು ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪುಸ್ತಿಕೆ. ಮಕ್ಕಳ ಪಾಲ್ಗೊಳ್ಳುವಿಕೆಗೆ ಅವರು ಎಂಟು ಮೆಟ್ಟಿಲು ಹಾಕಿದರು. ಕೆಳಗಿನ ಮೂರು ಮೆಟ್ಟಿಲುಗಳಲ್ಲಿ, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕಿಡುವುದು, ತೋರಿಕೆಗೆ ಕರೆಯುವುದು, ಇವುಗಳಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ ಎಂದರು. ನಮ್ಮ ಹೆಚ್ಚಿನ ಸಭೆಗಳು ಇನ್ನೂ ಅಲ್ಲೇ ನಿಂತಿವೆ. ಸಮವಸ್ತ್ರದ ಹುಡುಗಿ ಸ್ವಾಗತಗೀತೆ ಹಾಡುತ್ತಾಳೆ, ಹೂ ಕೊಡುತ್ತಾಳೆ, ಆಮೇಲೆ ಹೊರಗೆ ಕಳಿಸುತ್ತಾರೆ.

ಹೊರದೇಶಗಳಲ್ಲಿ ಕೆಲವೆಡೆ ಇದು ದಿನಚರಿಯ ಭಾಗವಾಗಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 2006ರಿಂದ ಮಕ್ಕಳ ಸಲಹಾ ಗುಂಪು ಔಷಧಿ ಪ್ರಯೋಗಗಳ ಮಾಹಿತಿ ಪತ್ರಗಳನ್ನು ತಿದ್ದುತ್ತಿದೆ. ನನಗೆ ಹೆಚ್ಚು ಹತ್ತಿರವಾದದ್ದು ದಕ್ಷಿಣ ಆಫ್ರಿಕಾ. ಅಲ್ಲಿನ ಪೂರ್ವ ಕೇಪ್‌ನಲ್ಲಿ ಎಚ್‌ಐವಿಯೊಂದಿಗೆ ಬದುಕುವ ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ವರ್ಷಗಟ್ಟಲೆ ಮಾತಾಡಿಸಿದ ‘ಮ್ಜಾಂಟ್ಸಿ ವಾಖೋ’ ಅಧ್ಯಯನದ ಬೆನ್ನಿಗೆ ಹದಿಹರೆಯದವರ ಸಲಹಾ ಗುಂಪಿತ್ತು. ಮಾತ್ರೆಯ ರುಚಿ, ವಾಸನೆ, ಗಾತ್ರದಂಥ ವಿಷಯಗಳು ಮಕ್ಕಳು ಔಷಧಿ ಬಿಡುವುದರಲ್ಲಿ ಎಷ್ಟು ದೊಡ್ಡ ಪಾತ್ರ ವಹಿಸುತ್ತವೆ ಎಂಬುದನ್ನು ಆ ಅಧ್ಯಯನದವರು ಬರೆದರು. ಓದುವಾಗ ನಾಲಿಗೆ ಕೆಳಗಿನ ನೀಲಿ ಮಾತ್ರೆ ನೆನಪಾಯಿತು.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಊರಿನ ಕ್ಷಯದ ಇತಿಹಾಸ ಸಾಕು. ನಂದಿತಾ ವೆಂಕಟೇಶನ್‌ಗೆ 2007ರಲ್ಲಿ ಮೊದಲು ಕ್ಷಯ ತಗಲಿದಾಗ ಹದಿನೇಳು ವರ್ಷ. ಕಾಯಿಲೆ ಮರುಕಳಿಸಿ 2013ರಲ್ಲಿ ಚುಚ್ಚುಮದ್ದಿನ ದುಷ್ಪರಿಣಾಮದಿಂದ ಕಿವಿ ಹೋಯಿತು. ಆ ಚುಚ್ಚುಮದ್ದುಗಳಿಂದ ಕಿವಿ ಹೋಗುತ್ತದೆಂದು ರೋಗಿಗಳು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅವನ್ನು ಬದಿಗಿಟ್ಟು ಬಾಯಿಂದ ತೆಗೆದುಕೊಳ್ಳುವ ಔಷಧಿಗಳ ಕಡೆ ತಿರುಗಿದ್ದು 2018ರ ನಂತರ. 2019ರಲ್ಲಿ ನಂದಿತಾ, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಜೊತೆ ಸೇರಿ, ಬೆಡಾಕ್ವಿಲಿನ್ ಎಂಬ ಕ್ಷಯದ ಔಷಧಿಯ ಪೇಟೆಂಟ್ ಅವಧಿ ಮುಂದುವರಿಯುವುದನ್ನು ಭಾರತದಲ್ಲಿ ಪ್ರಶ್ನಿಸಿದರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಔಷಧಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಹಾಸಿಗೆಯಲ್ಲಿ ಮಲಗಿದ್ದ ಹದಿನೇಳರ ಹುಡುಗಿಯಲ್ಲಿ ಇಂಥ ಶಕ್ತಿಯಿದೆ ಎಂದು ಅಂದು ಯಾರು ನೋಡಿದ್ದರು?

ಅಡ್ಡಿಗಳನ್ನು ಮುಚ್ಚಿಡಬಾರದು. ಹದಿಹರೆಯದವರನ್ನು ಕರೆಯಿರಿ ಎಂದರೆ ಶಾಲೆ ಕಳಿಸುವುದು ಭಾಷಣ ಸ್ಪರ್ಧೆಯಲ್ಲಿ ಗೆದ್ದವರನ್ನು. ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುವ ಹುಡುಗ ಬರುವುದಿಲ್ಲ. ಸಂಜೆಯ ಮೇಲೆ ಹೊರಗೆ ಬಿಡದ ಮನೆಯ ಹುಡುಗಿ ಬರುವುದಿಲ್ಲ. ಬಂದರೂ ಮೂರು ಗಂಟೆ ಕೂತರೆ ಅಷ್ಟು ಮಣಿ ಅಂಟಿಸುವ ಕೂಲಿ ಹೋಯಿತು. ಸಲಹೆಗಾರರಿಗೆ ವಿಮಾನದ ಟಿಕೆಟ್ ಕೊಡುವ ಯೋಜನೆಗಳು ಈ ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಕಳಿಸುವುದು ನನಗೆ ಸಹಿಸಲಾಗದ ವಿಷಯ. ಅವರ ಹೊತ್ತಿಗೆ ದುಡ್ಡು ಕೊಡಬೇಕು, ಮೊದಲ ಬಜೆಟ್ಟಿನಲ್ಲೇ ಬರೆದಿಡಬೇಕು. ಇನ್ನೊಂದು ಹೆಚ್ಚು ಸೂಕ್ಷ್ಮ. ತನ್ನ ಗಲ್ಲಿಯಲ್ಲೇ ಪ್ರಶ್ನಾವಳಿ ಹಿಡಿದು ಹೋದ ಹುಡುಗಿಗೆ ಗೆಳತಿಯ ಮನೆಯ ಹೊಡೆತ ಬಡಿತ ಗೊತ್ತಾಗುತ್ತದೆ, ಯಾರಿಗೆ ಯಾವ ಕಾಯಿಲೆ ಎಂದು ಗೊತ್ತಾಗುತ್ತದೆ. ಆ ಭಾರ ಹೊರಲು ಅವಳ ಪಕ್ಕದಲ್ಲಿ ದೊಡ್ಡವರು ಯಾರಿದ್ದಾರೆ? ಅವಳನ್ನು ಮನೆಮನೆಗೆ ಕಳಿಸುವುದಕ್ಕಿಂತ ಪ್ರಶ್ನೆ ಕಟ್ಟುವ ಮೇಜಿಗೆ, ಫಲಿತಾಂಶ ಅರ್ಥ ಮಾಡುವ ಮೇಜಿಗೆ ಕರೆಯುವುದು ಅನೇಕ ಸಲ ಹೆಚ್ಚು ಕ್ಷೇಮ, ಹೆಚ್ಚು ಉಪಯುಕ್ತ. ನಾವು ಮಾಡುತ್ತಿರುವುದು ಸಾಮಾನ್ಯವಾಗಿ ಇದರ ತಿರುವುಮುರುವು.

ಕಳೆದ ವರ್ಷ ಮತ್ತೊಬ್ಬರು ಮತ್ತೆರಡು ಹಾಳೆ ಹಿಡಿದು ಬಂದರು. ಅನುವಾದಕ್ಕೆ ಮುಂಚೆ ಒಂದು ಭಾನುವಾರ ಮಕ್ಕಳೊಂದಿಗೆ ಕೂತುಕೊಳ್ಳೋಣ, ಅವರ ಕೂಲಿ ಕೊಡಿ ಎಂದೆ. ಒಪ್ಪಿದರು. ಆರು ಮಂದಿ ಬಂದರು. ಮಣಿ ಅಂಟಿಸುತ್ತಿದ್ದವಳು ಅಷ್ಟರಲ್ಲಿ ಹನ್ನೊಂದನೇ ಇಯತ್ತೆ, ಪೆನ್ಸಿಲ್ ಅವಳ ಕೈಯಲ್ಲೇ. ನೀರು ಎಷ್ಟು ಕುಡಿಯುತ್ತೀರಿ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಶಾಲೆಯಾಗ ಯಾಕ ಕುಡಿಯೂದಿಲ್ಲ’ ಎಂದು ಬರೆದಳು. ಪಾಯಖಾನೆಗೆ ಹೋಗಬೇಕಾಗುತ್ತದೆಂದು ಮುಟ್ಟಿನ ದಿನಗಳಲ್ಲಿ ಬೆಳಿಗ್ಗೆಯಿಂದ ಯಾರೂ ನೀರು ಮುಟ್ಟುವುದಿಲ್ಲವಂತೆ. ‘ಮಾತ್ರೆ ತೆಗೆದುಕೊಂಡೆಯಾ’ ಎಂಬುದನ್ನು ಹೊಡೆದು ‘ನುಂಗಿದೇನು’ ಎಂದು ಮಾಡಿದಳು. ಕೊನೆಯಲ್ಲಿ, ಫಲಿತಾಂಶ ಯಾವ ತಿಂಗಳು, ಯಾರು ಬಂದು ಹೇಳುತ್ತಾರೆ ಎಂಬುದಕ್ಕೆ ಎರಡು ಗೆರೆ ಖಾಲಿ ಬಿಡಿಸಿದಳು. ಸಂದರ್ಶನದ ವೇಳೆ ಸಂಜೆ ನಾಲ್ಕರಿಂದ ಆರು ಎಂದು ಅಚ್ಚಾಗಿತ್ತು. ಆರೂ ಮಂದಿ ಒಟ್ಟಿಗೆ ತಲೆ ಅಲ್ಲಾಡಿಸಿದರು.

‘ಆ ಹೊತ್ತಿನಾಗ ಬರಬ್ಯಾಡ್ರಿ ಅಕ್ಕಾರ. ನೀರು ಬರ್ತೈತಿ.’